ಹೆಣ್ಣುಮಕ್ಕಳ ಪಠ್ಯಕ್ರಮ ಮತ್ತು ಕಲಿಕೆಯ ನುಡಿ: ಸಾಂಗಲಿ–ಮಿರಜ ಭಾಗದ ಕನ್ನಡವನ್ನು ಕುರಿತು

ಹೆಣ್ಣುಮಕ್ಕಳು ಚೆನ್ನಾಗಿ ಕಲಿಯುವ ಬಗೆಯನ್ನು ಆಧರಿಸಿ ಪ್ರೌಢಶಾಲೆಯ ಪಠ್ಯಕ್ರಮವನ್ನು ರೂಪಿಸಬೇಕೆಂಬ ವಿಚಾರ ಮೇಲುನೋಟಕ್ಕೆ ಆಕ್ಷೇಪಕ್ಕೆ ಎಡೆಯಿಲ್ಲದ್ದು. ಆದರೆ ಇದರಲ್ಲಿ ಎರಡು ಪ್ರಶ್ನೆಗಳು ಬೆರೆತುಕೊಂಡಿವೆ. ಹುಡುಗಿ ಹೇಗೆ ಕಲಿಯುತ್ತಾಳೆ ಎಂಬುದು ಒಂದು. ಕಲಿತು ಏನಾಗಬೇಕು ಎಂಬುದು ಇನ್ನೊಂದು. ಪಶ್ಚಿಮ ಭಾರತದ ಸ್ತ್ರೀಶಿಕ್ಷಣದ ಇತಿಹಾಸದಲ್ಲಿ ಎರಡನೆಯ ಪ್ರಶ್ನೆಗೆ ಸಿದ್ಧವಾಗಿದ್ದ ಉತ್ತರವನ್ನೇ ಮೊದಲನೆಯದರ ಉತ್ತರವೆಂದು ಒಪ್ಪಿಸಿದ ಸಂದರ್ಭಗಳು ಹಲವು. ಸಾಂಗಲಿ–ಮಿರಜ ಭಾಗದ ಕನ್ನಡ ಹುಡುಗಿಯನ್ನು ಮುಂದಿಟ್ಟುಕೊಂಡು ನೋಡಿದರೆ ಮೂರನೆಯ ಪ್ರಶ್ನೆಯೂ ಏಳುತ್ತದೆ: ಅವಳು ಯಾವ ನುಡಿಯಲ್ಲಿ ಕಲಿಯುತ್ತಾಳೆ? ಸ್ತ್ರೀಶಿಕ್ಷಣದ ಚರ್ಚೆ ಈ ಪ್ರಶ್ನೆಯನ್ನು ಬಹುಪಾಲು ಕೈಬಿಟ್ಟಿದೆ. ನುಡಿಯ ಹಕ್ಕಿನ ಚರ್ಚೆ ಇದನ್ನು ಎತ್ತಿಕೊಂಡರೂ ಕಲಿಯುವ ಮಗು ಹುಡುಗಿಯೂ ಆಗಿರಬಹುದೆಂಬುದನ್ನು ಮರೆತಿದೆ.

ಈ ಬೆರಕೆ ಎಷ್ಟು ಹಳೆಯದೆಂಬುದಕ್ಕೆ ಪುಣೆಯ ಒಂದು ವಾದ ಸಾಕ್ಷಿ. 1884ರಲ್ಲಿ ಅಲ್ಲಿ ಹುಜೂರಪಾಗಾ ಎಂದು ಹೆಸರಾದ ಹೆಣ್ಣುಮಕ್ಕಳ ಪ್ರೌಢಶಾಲೆ ಆರಂಭವಾಯಿತು. 1887ರಲ್ಲಿ ತಿಲಕರ ‘ಮರಾಠಾ’ ಪತ್ರಿಕೆ ಅದರ ಪಠ್ಯಕ್ರಮವನ್ನು ಕಟುವಾಗಿ ವಿಮರ್ಶಿಸಿತು. ಹುಡುಗರ ಪಾಠಗಳನ್ನೇ ಹುಡುಗಿಯರಿಗೆ ಕಲಿಸುವುದು ಅವರ ಪರಿಸರಕ್ಕೆ ಹೊಂದುವುದಿಲ್ಲ, ಮನೆವಾರ್ತೆಗೆ ಒದಗುವ ವಿಷಯಗಳು ಸಾಕು, ಶಾಲೆಯ ಸಮಯವನ್ನೂ ಅದಕ್ಕೆ ತಕ್ಕಂತೆ ಮೊಟಕುಗೊಳಿಸಬೇಕು ಎಂಬುದು ವಾದದ ಸಾರ. ಹುಡುಗಿಯ ಇರುವಿಕೆಗೆ ಒಗ್ಗುವ ಶಿಕ್ಷಣವನ್ನು ಬಯಸುವ ಭಾಷೆಯಲ್ಲಿಯೇ ಆ ಇರುವಿಕೆಯಿಂದ ಹೊರಬರುವ ದಾರಿಯನ್ನು ಮುಚ್ಚುವ ಬಗೆ ಇದು.

ಧೋಂಡೋ ಕೇಶವ ಕರ್ವೆಯವರ ಪ್ರಕರಣ ಹೆಚ್ಚು ಜಟಿಲ. ವಿಧವೆಯರ ಶಿಕ್ಷಣಕ್ಕೆ ಬದುಕನ್ನೇ ಕೊಟ್ಟ ಕರ್ವೆಯವರು ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ಮಾದರಿಯಿಂದ ಪ್ರೇರಿತರಾಗಿ 1916ರಲ್ಲಿ ಭಾರತದ ಮೊದಲ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಅವರ ಯೋಜನೆಯಲ್ಲಿ ಎರಡು ತತ್ತ್ವಗಳು ಜೊತೆಗೂಡಿದ್ದವು. ಮಾತೃಭಾಷೆಯೇ ಬೋಧನಮಾಧ್ಯಮವಾಗಬೇಕೆಂಬುದು ಮೊದಲನೆಯದು. ಗೃಹವಿಜ್ಞಾನ, ಆರೋಗ್ಯಶಾಸ್ತ್ರಗಳಂತಹ, ಸ್ತ್ರೀಯರಿಗೆ ಉಚಿತವೆನಿಸಿದ ವಿಷಯಗಳು ಇರಬೇಕೆಂಬುದು ಎರಡನೆಯದು. ಮೊದಲನೆಯದು ಕಲಿಕೆಯ ಬಗೆಗೆ ಸಂಬಂಧಿಸಿದ್ದು: ಪರಭಾಷೆಯ ಹೊರೆ ಇಳಿದರೆ ಅರಿವು ಬೇಗ ಮೂಡುತ್ತದೆ. ಎರಡನೆಯದು ಸಾಮಾಜಿಕ ಪಾತ್ರಕ್ಕೆ ಸಂಬಂಧಿಸಿದ್ದು. ಇವೆರಡರ ನಡುವೆ ತಾರ್ಕಿಕವಾದ ನಂಟೇನೂ ಇಲ್ಲ. ತಾಯ್ನುಡಿಯಲ್ಲಿ ರಸಾಯನಶಾಸ್ತ್ರವನ್ನೂ ಕಲಿಯಬಹುದು. ಇಂಗ್ಲಿಷಿನಲ್ಲಿ ಅಡುಗೆಯನ್ನೂ ಕಲಿಸಬಹುದು. ಆದರೂ ಒಂದೇ ಯೋಜನೆಯಲ್ಲಿ ಬಂದದ್ದರಿಂದ ಅವು ಒಂದೇ ವಿಚಾರದ ಎರಡು ಮುಖಗಳಂತೆ ತೋರಿದವು.

ಸ್ವಾತಂತ್ರ್ಯಾನಂತರದ ಚಿಂತನೆ ಎರಡನೆಯ ತತ್ತ್ವವನ್ನು ತಕ್ಕಮಟ್ಟಿಗೆ ಕಳಚಿಹಾಕಿತು. 1960ರ ದಶಕದ ಮೊದಲ ವರ್ಷಗಳಲ್ಲಿ ಹಂಸಾ ಮೆಹತಾ ಅವರ ನೇತೃತ್ವದ ಸಮಿತಿ ಹುಡುಗ–ಹುಡುಗಿಯರ ಪಠ್ಯಕ್ರಮಗಳಲ್ಲಿನ ಭೇದವನ್ನು ಪರಿಶೀಲಿಸಿ, ಲಿಂಗದ ಆಧಾರದ ಮೇಲೆ ವಿಷಯಗಳನ್ನು ವಿಂಗಡಿಸುವುದಕ್ಕೆ ಸಮರ್ಥನೆಯಿಲ್ಲವೆಂಬ ನಿಲುವಿಗೆ ಬಂದಿತು. ಕೊಠಾರಿ ಆಯೋಗ (1964–66) ಈ ನಿಲುವನ್ನು ಒಪ್ಪಿ, ಗೃಹವಿಜ್ಞಾನ ಐಚ್ಛಿಕವಾಗಿರಲಿ, ಹುಡುಗಿಯರಿಗೆ ಕಡ್ಡಾಯವಾಗುವುದು ಬೇಡ ಎಂದಿತು. ಗಣಿತ, ವಿಜ್ಞಾನಗಳತ್ತ ಅವರನ್ನು ಪ್ರೋತ್ಸಾಹಿಸಬೇಕೆಂದಿತು. ಆದರೆ ಕರ್ವೆಯವರ ಮೊದಲ ತತ್ತ್ವ, ಅಂದರೆ ನುಡಿಯ ತತ್ತ್ವ, ಈ ಹೊತ್ತಿಗೆ ಸ್ತ್ರೀಶಿಕ್ಷಣದ ಚರ್ಚೆಯಿಂದ ಜಾರಿ ಭಾಷಾವಾರು ಪ್ರಾಂತಗಳ ಚರ್ಚೆಯನ್ನು ಸೇರಿಬಿಟ್ಟಿತ್ತು. ಎರಡೂ ಚರ್ಚೆಗಳು ಮತ್ತೆ ಒಂದೆಡೆ ಸೇರಲಿಲ್ಲ.

ಜಾಗತಿಕ ಮಟ್ಟದಲ್ಲಿ ಇದೇ ಪ್ರಶ್ನೆ ಮನೋವಿಜ್ಞಾನದ ಉಡುಪು ತೊಟ್ಟಿತು. ಕ್ಯಾರಲ್ ಗಿಲಿಗನ್ ಅವರ 1982ರ ‘ಇನ್ ಎ ಡಿಫರೆಂಟ್ ವಾಯ್ಸ್’, ಅನಂತರ 1986ರ ‘ವಿಮೆನ್ಸ್ ವೇಸ್ ಆಫ್ ನೋಯಿಂಗ್’ ಕೃತಿಗಳು ಅರಿವಿನ ಸಿದ್ಧಾಂತಗಳಲ್ಲಿ ಸ್ತ್ರೀಯರ ಅನುಭವಕ್ಕೆ ಎಡೆಯಿಲ್ಲದಿದ್ದುದನ್ನು ಎತ್ತಿ ತೋರಿಸಿದವು. ಆ ವಿಮರ್ಶೆಗೆ ಬೆಲೆಯಿದೆ. ಆದರೆ ಅದನ್ನು ಮುಂದಕ್ಕೆಳೆದು, ಹುಡುಗಿಯರ ಮಿದುಳೇ ಬೇರೆ, ಆದ್ದರಿಂದ ಅವರಿಗೆ ಸಹಕಾರದ ಕಲಿಕೆ, ಹುಡುಗರಿಗೆ ಸ್ಪರ್ಧೆಯ ಕಲಿಕೆ ಎಂದು ಶಾಲೆಗಳನ್ನು ವಿಭಜಿಸುವ ವಾದಕ್ಕೆ ಆಧಾರ ದುರ್ಬಲ. 2014ರಲ್ಲಿ ಪಾಲ್ಕೆ, ಹೈಡ್ ಮತ್ತು ಆ್ಯಲಿಸನ್ 184 ಅಧ್ಯಯನಗಳನ್ನು, 21 ದೇಶಗಳ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ವಿದ್ಯಾರ್ಥಿಗಳ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನಗಳಲ್ಲಿ ಪ್ರತ್ಯೇಕ ಶಾಲೆಯ ಅನುಕೂಲ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹುಡುಗಿಯ ಕಲಿಕೆಯನ್ನು ವಿವರಿಸಲು ಹೊರಟವರು ಅವಳ ಸ್ವಭಾವಕ್ಕಿಂತ ಅವಳ ಸ್ಥಿತಿಗತಿಯನ್ನು ನೋಡಬೇಕೆಂಬುದೇ ಇದರ ಪಾಠ. ಸಾಂಗಲಿ–ಮಿರಜ ಭಾಗದಲ್ಲಿ ಆ ಸ್ಥಿತಿಗತಿಯ ಮುಖ್ಯ ಅಂಶ ನುಡಿ.

ಪಟವರ್ಧನ ಸಂಸ್ಥಾನಗಳ ಕಾಲದಲ್ಲಿ ರಾಜಧಾನಿಯ ನುಡಿ ಮರಾಠಿ. ಆದರೆ ಸಾಂಗಲಿ ಸಂಸ್ಥಾನಕ್ಕೆ ತೇರದಾಳ, ಶಹಾಪುರಗಳೂ ಮಿರಜ ಸಂಸ್ಥಾನಕ್ಕೆ ಲಕ್ಷ್ಮೇಶ್ವರವೂ ಸೇರಿದ್ದವು. 1956ರ ಪುನರ್ವಿಂಗಡಣೆಯ ಬಳಿಕ ಆ ಕನ್ನಡ ಪ್ರದೇಶಗಳು ಕರ್ನಾಟಕದ ಭಾಗವಾದವು. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ ಮಾತ್ರ ತನ್ನ ಕನ್ನಡದ ಹಳ್ಳಿಗಳೊಂದಿಗೆ ಇಂದಿನ ಸಾಂಗಲಿ ಜಿಲ್ಲೆಯಲ್ಲಿ ಉಳಿಯಿತು. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಇದು ಗೌರವಿಸಬೇಕಾದ ವ್ಯವಸ್ಥೆ. ಆದರೆ ಪುಸ್ತಕವಿದ್ದ ಮಾತ್ರಕ್ಕೆ ತರಗತಿಯಲ್ಲಿ ನುಡಿ ಇರುತ್ತದೆಂದು ಹೇಳಲಾಗದು. ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರ ನೇಮಕವಾದದ್ದು 2024ರಲ್ಲಿ ಎರಡೂ ರಾಜ್ಯಗಳಲ್ಲಿ ಚರ್ಚೆಗೆ ಬಂದದ್ದು ಇದೇ ಕಾರಣಕ್ಕೆ.

ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಬೇಕೆಂದು ಹೇಳುವುದು ಪ್ರಾಥಮಿಕ ಹಂತದ ಮಟ್ಟಿಗೆ. ಪ್ರೌಢಶಾಲೆ ಅದರ ವ್ಯಾಪ್ತಿಯ ಹೊರಗಿದೆ. ಹುಡುಗಿಯ ಬದುಕಿನಲ್ಲಿ ಶಾಲೆಯ ದೂರ, ಮನೆಗೆಲಸ, ಮದುವೆಯ ಮಾತು ಇವೆಲ್ಲ ಒಟ್ಟಿಗೆ ಎದುರಾಗುವ ವಯಸ್ಸೂ ಅದೇ. ತಾಯ್ನುಡಿಯ ಆಸರೆ ಸಡಿಲಗೊಳ್ಳುವ ಹಂತದಲ್ಲಿಯೇ ಉಳಿದ ಒತ್ತಡಗಳು ಬಿಗಿಯಾಗುತ್ತವೆ. ನುಡಿ ಬದಲಾಗುವ ಕಷ್ಟ ಹುಡುಗನಿಗೂ ಇದೆ, ನಿಜ. ಆದರೆ ಹುಡುಗ ಮರಾಠಿಯನ್ನು ಶಾಲೆಯಲ್ಲಿ ಮಾತ್ರ ಕಲಿಯುವುದಿಲ್ಲ. ಬಸ್‌ಸ್ಟ್ಯಾಂಡು, ಸಂತೆ, ಆಟದ ಬಯಲು, ಅಡತಿ ಅಂಗಡಿ ಅವನಿಗೆ ಎರಡನೆಯ ಶಾಲೆಗಳು. ಓಡಾಟಕ್ಕೆ ಮಿತಿಯಿರುವ ಹುಡುಗಿಗೆ ಎರಡನೆಯ ನುಡಿ ದೊರೆಯಬೇಕಾದದ್ದು ಬಹುಪಾಲು ತರಗತಿಯಿಂದಲೇ. ಆದ್ದರಿಂದ ಮಾಧ್ಯಮದ ಬದಲಾವಣೆ ಇಬ್ಬರಿಗೂ ಒಂದೇ ಆದರೂ ಅದರ ಬೆಲೆ ಒಂದೇ ಅಲ್ಲ.

ಗಣಿತದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಕರ್ನಾಟಕದ ಪಠ್ಯಗಳು ‘ಭಿನ್ನರಾಶಿ’ ಎನ್ನುವುದನ್ನು ಮರಾಠಿ ‘ಅಪೂರ್ಣಾಂಕ’ ಎನ್ನುತ್ತದೆ. ಇಲ್ಲಿನ ‘ವಿಸ್ತೀರ್ಣ’ ಅಲ್ಲಿನ ‘ಕ್ಷೇತ್ರಫಳ’. ವಿಜ್ಞಾನಕ್ಕೆ ಬಂದರೆ ‘ದ್ಯುತಿಸಂಶ್ಲೇಷಣೆ’ ಅಲ್ಲಿ ‘ಪ್ರಕಾಶಸಂಶ್ಲೇಷಣ’, ‘ಪ್ರತ್ಯಾಮ್ಲ’ ಅಲ್ಲಿ ‘ಆಮ್ಲಾರಿ’. ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನ ಶಾಖೆಯನ್ನು ಆರಿಸಿಕೊಂಡರೆ ಇವೆಲ್ಲ ಒಮ್ಮೆಲೇ ಇಂಗ್ಲಿಷಿಗೆ ತಿರುಗುತ್ತವೆ. ಭಾಗವನ್ನು ಬಲ್ಲ ವಿದ್ಯಾರ್ಥಿನಿ ಅದರ ಹೊಸ ಹೆಸರಿನ ಎದುರು ತಡವರಿಸಿದಾಗ, ತರಗತಿ ಅದನ್ನು ಭಾಷೆಯ ತೊಡಕೆಂದು ಗುರುತಿಸದೆ ಹೋಗಬಹುದು. ಹುಡುಗಿಯರಿಗೆ ಗಣಿತ ಹತ್ತುವುದಿಲ್ಲವೆಂಬ ಸಿದ್ಧನಂಬಿಕೆ ವಿವರಣೆಯಾಗಿ ಕೈಗೆಟುಕುವಂತಿರುತ್ತದೆ. ನುಡಿಯ ದಾಟುವಿಕೆಯಲ್ಲಿ ಹುಟ್ಟಿದ ಕೊರತೆ ಹೀಗೆ ಹೆಣ್ಣಿನ ಸ್ವಭಾವದ ಲೆಕ್ಕಕ್ಕೆ ಜಮೆಯಾಗುತ್ತದೆ.

ಅದೇ ಪದಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಕಲಿಕೆ ಆಳವಾಗುತ್ತದೆ ಎಂಬುದೂ ಅಷ್ಟೇ ನಿಜ. ಒಂದು ನುಡಿ ‘ಒಡೆದ ರಾಶಿ’ ಎಂದು ಕಂಡದ್ದನ್ನು ಇನ್ನೊಂದು ‘ಪೂರ್ಣವಲ್ಲದ ಅಂಕ’ ಎಂದು ಕಾಣುತ್ತದೆ. ಒಂದರ ಗಮನ ಭಾಗಿಸುವ ಕ್ರಿಯೆಯ ಮೇಲೆ, ಇನ್ನೊಂದರದು ಸಂಖ್ಯೆಯ ಬಗೆಯ ಮೇಲೆ. ಎರಡನ್ನೂ ಬಲ್ಲವಳಿಗೆ ಪರಿಕಲ್ಪನೆಯ ಎರಡು ಬದಿಗಳು ಕಾಣುತ್ತವೆ. ಏಕಭಾಷಿಕ ಪಠ್ಯಕ್ರಮ ಕೊಡಲಾರದ ಲಾಭ ಇದು.

ಸಾಹಿತ್ಯದ ಪಾಠದಲ್ಲಿ ಈ ಲಾಭ ಇನ್ನೂ ದೊಡ್ಡದು. ಸಾಂಗಲಿಗೆ ಹೊಂದಿಕೊಂಡ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ (1912–1986) ಇದಕ್ಕೆ ನಿದರ್ಶನ. ಮನೆಮಾತು ಕನ್ನಡವಾಗಿದ್ದ ಅವರ ಶಾಲೆ ಮರಾಠಿಯದು. ಕನ್ನಡದ ಓದುಬರಹವನ್ನು ಸ್ವಪ್ರಯತ್ನದಿಂದ ಗಳಿಸಿಕೊಂಡರು. ವಚನಗಳನ್ನು ಮರಾಠಿಗೆ ತಂದರು. ‘ಶ್ರೀ ಸಿದ್ಧರಾಮ ಪುರಾಣ’ವನ್ನು ರಚಿಸುವಾಗ ಆರಿಸಿಕೊಂಡದ್ದು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿ ಉಳಿಸಿದ ತ್ರಿಪದಿಯನ್ನು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಆ ಪೀಠವೇರಿದ ಮೊದಲ ಮಹಿಳೆಯಾದರು. ಈ ಚರಿತ್ರೆಯನ್ನು ಪ್ರತಿಭೆಯ ಗೆಲುವೆಂದು ಮಾತ್ರ ಓದುವುದು ವಾಡಿಕೆ. ಪಠ್ಯಕ್ರಮದ ದೃಷ್ಟಿಯಿಂದ ಓದಿದರೆ ಬೇರೊಂದು ಸಂಗತಿಯೂ ಕಾಣುತ್ತದೆ: ಅವರನ್ನು ಕವಿಯಾಗಿಸಿದ ನುಡಿಯೂ ಛಂದಸ್ಸೂ ಶಾಲೆಯಿಂದ ಬಂದವಲ್ಲ. ಅಂತಹ ಸ್ವಪ್ರಯತ್ನ ಸಾಧ್ಯವಾಗದ ಉಳಿದ ಹುಡುಗಿಯರ ವಿಷಯದಲ್ಲಿ ಶಾಲೆಯ ಹೊಣೆ ಏನು ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ.

ಜತ್ತದಿಂದ ದೂರವಲ್ಲದ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನದ ಮೂಲಕ ತ್ರಿಪದಿಗಳನ್ನು ಅಚ್ಚಿಗೆ ತಂದರು. ಮಹಾರಾಷ್ಟ್ರದಲ್ಲಿ ಹೇಮಾ ರಾಯಿರಕರ್ ಮತ್ತು ಗೀ ಪ್ವಾತೆವಿನ್ ಬೀಸುವ ಕಲ್ಲಿನ ಓವಿಗಳನ್ನು ಲಕ್ಷಕ್ಕೂ ಮಿಕ್ಕಿ ಸಂಗ್ರಹಿಸಿದರು. ಕೆಲಸ ಒಂದೇ, ಹೊತ್ತು ಒಂದೇ, ಹಾಡುವವಳ ಸ್ಥಿತಿಯೂ ಬಹುಪಾಲು ಒಂದೇ; ಛಂದಸ್ಸು ಮಾತ್ರ ಬೇರೆ. ಕನ್ನಡದ ‘ತವರು’ ಮತ್ತು ಮರಾಠಿಯ ‘ಮಾಹೇರ’ ಎಂಬ ಪದಗಳ ಸುತ್ತ ಎರಡು ಕಾವ್ಯಪರಂಪರೆಗಳು ಬೆಳೆದಿವೆ. ಕೊಟ್ಟು ತರುವ ಸಂಬಂಧಗಳು ಗಡಿಯನ್ನು ದಾಟುವ ಈ ಸೀಮೆಯಲ್ಲಿ ಇವನ್ನು ಜೊತೆಯಾಗಿ ಓದಿಸುವುದು ತೌಲನಿಕ ಸಾಹಿತ್ಯದ ಸಹಜ ಪಾಠ. ವಿಶ್ವವಿದ್ಯಾಲಯದವರೆಗೆ ಅದಕ್ಕಾಗಿ ಕಾಯಬೇಕಾಗಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಬೀಸುಕಲ್ಲಿನ ಹಾಡನ್ನು ಹುಡುಗಿಯ ಪಠ್ಯವಾಗಿಸುವುದು ಅವಳನ್ನು ಮರಳಿ ಬೀಸುಕಲ್ಲಿಗೇ ಕಟ್ಟಿದಂತಲ್ಲವೇ ಎಂಬುದು ಮೊದಲನೆಯದು. ಆಕ್ಷೇಪ ಗಂಭೀರವಾದದ್ದು. ಗರತಿಯ ಆದರ್ಶವನ್ನು ಬೋಧಿಸಲು ಆ ಹಾಡುಗಳನ್ನು ಬಳಸಿದರೆ ಹುಜೂರಪಾಗಾದ ವಿರೋಧಿಗಳ ವಾದವೇ ಜಾನಪದದ ವೇಷದಲ್ಲಿ ಮರಳಿದಂತಾಗುತ್ತದೆ. ದುಡಿಮೆ, ದೂರು, ಹಂಬಲಗಳ ಕಾವ್ಯವಾಗಿ, ಹುಡುಗರೂ ಹುಡುಗಿಯರೂ ಒಟ್ಟಿಗೆ ವಿಮರ್ಶಿಸಬೇಕಾದ ಪಠ್ಯವಾಗಿ ಅವು ತರಗತಿಗೆ ಬರಬೇಕು. ಎರಡನೆಯ ಆಕ್ಷೇಪ ವ್ಯಾವಹಾರಿಕವಾದದ್ದು: ಉದ್ಯೋಗವಿರುವುದು ಮರಾಠಿ, ಇಂಗ್ಲಿಷುಗಳಲ್ಲಿ, ಕನ್ನಡಕ್ಕೆ ಅಂಟಿಕೊಂಡರೆ ನಷ್ಟ ಹುಡುಗಿಯದೇ. ಪಾಲಕರ ಈ ಆತಂಕವನ್ನು ಭಾಷಾಭಿಮಾನದಿಂದ ತಳ್ಳಿಹಾಕಲಾಗದು. ಆದರೆ ಮಿರಜವನ್ನೇ ನೋಡಬಹುದು. 1890ರ ದಶಕದಲ್ಲಿ ವಾನ್‌ಲೆಸ್ ಅವರ ಮಿಷನ್ ಆಸ್ಪತ್ರೆಯಿಂದ ಮೊದಲ್ಗೊಂಡು ವೈದ್ಯಕೀಯ ಕೇಂದ್ರವಾಗಿ ಬೆಳೆದ ಆ ಊರಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕನ್ನಡದ ರೋಗಿಗಳು ಬರುತ್ತಾರೆ. ನೋವನ್ನು ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ದಾಖಲಿಸಿ ಇಂಗ್ಲಿಷಿನ ಚೀಟಿಯನ್ನು ವಿವರಿಸಬಲ್ಲವಳ ಸಾಮರ್ಥ್ಯ ಅಲ್ಲಿ ನಿತ್ಯದ ಅಗತ್ಯ. ಶಾಲೆಯ ಅಂಕಪಟ್ಟಿಯಲ್ಲಿ ಮಾತ್ರ ಆ ಸಾಮರ್ಥ್ಯಕ್ಕೆ ಒಂದು ಕಾಲಮೂ ಇಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಹಳೆಯ ಬಿರುಕು ಉಳಿದಿದೆ. ಭಾಷೆಯ ಮಾತು ನಾಲ್ಕನೆಯ ಅಧ್ಯಾಯದಲ್ಲಿದೆ. ಹುಡುಗಿಯರ ಮಾತು ಸಮತೆಯನ್ನು ಕುರಿತ ಆರನೆಯ ಅಧ್ಯಾಯದಲ್ಲಿ. ಹಿಂದುಳಿದ ಎಲ್ಲ ಗುಂಪುಗಳಲ್ಲಿಯೂ ಅರ್ಧದಷ್ಟು ಮಂದಿ ಹೆಣ್ಣುಮಕ್ಕಳೆಂದು ನೀತಿ ಗುರುತಿಸುತ್ತದೆ, ಲಿಂಗ ಸೇರ್ಪಡೆ ನಿಧಿಯನ್ನು ಸೂಚಿಸುತ್ತದೆ, ಸೈಕಲ್ಲು, ಶೌಚಾಲಯಗಳನ್ನು ಹೆಸರಿಸುತ್ತದೆ. ಇವು ಬೇಕಾದವೇ. ಆದರೆ ಸೈಕಲ್ಲಿನಲ್ಲಿ ಶಾಲೆ ತಲುಪಿದ ಹುಡುಗಿಗೆ ಪಾಠ ಅರ್ಥವಾಗುವ ನುಡಿಯಲ್ಲಿದೆಯೇ ಎಂಬುದು ಆ ಅಧ್ಯಾಯದ ಪ್ರಶ್ನೆಯಲ್ಲ.

ಸಾಂಗಲಿ–ಮಿರಜ ಭಾಗಕ್ಕೆ ತಕ್ಕ ಪಠ್ಯಕ್ರಮಕ್ಕೆ ಹುಡುಗಿಯರದೇ ಆದ ಬೇರೆ ವಿಷಯಗಳು ಬೇಕಿಲ್ಲ. ಎಂಟರಿಂದ ಹತ್ತನೆಯ ತರಗತಿಯವರೆಗೆ ಗಣಿತ–ವಿಜ್ಞಾನದ ಪಾರಿಭಾಷಿಕಗಳನ್ನು ಮೂರು ನುಡಿಗಳಲ್ಲಿ ಒಟ್ಟಿಗೆ ಕೊಡುವ ಪುಸ್ತಕ, ಎರಡೂ ನುಡಿ ಬಲ್ಲ ಶಿಕ್ಷಕರು, ಅನುವಾದವನ್ನು ಪರೀಕ್ಷೆಯ ಭಾಗವಾಗಿ ಮನ್ನಿಸುವ ಭಾಷಾಪತ್ರಿಕೆ, ತರಗತಿಯಲ್ಲಿ ಹುಡುಗಿ ಬಾಯಿಬಿಟ್ಟು ಮಾತನಾಡುವುದಕ್ಕೆ ಮೀಸಲಾದ ಹೊತ್ತು: ಇಷ್ಟು ಬೇಕು. ಇದರಿಂದ ಹುಡುಗನಿಗೂ ಪ್ರಯೋಜನವಿದೆ. ಆದರೆ ಇದರ ಕೊರತೆಯಿಂದ ಶಾಲೆಯನ್ನು ಮೊದಲು ಬಿಡುವವಳು ಯಾರೆಂಬುದನ್ನು ಯೋಜಕರು ಮರೆಯುವಂತಿಲ್ಲ. ಕರ್ವೆಯವರ ಯೋಜನೆಯಿಂದ ಇಂದು ಉಳಿಸಿಕೊಳ್ಳಬೇಕಾದದ್ದು ಗೃಹವಿಜ್ಞಾನವಲ್ಲ, ಅದರ ಜೊತೆಗೆ ಬಂದ ತಾಯ್ನುಡಿಯ ತತ್ತ್ವ.