ಪೈಪ್ ಕಚ್ಚಿದ ಮೇಷ್ಟ್ರು, ಎರಡು ನೆಲದ ಆಟ

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ನಾಲ್ವರು ಮಹಿಳೆಯರು ಚಿನ್ನ ಗೆದ್ದ ಮೇಲಷ್ಟೇ ಲಾನ್ ಬೌಲ್ಸ್ ಎಂಬ ಆಟವಿದೆ ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತಾದದ್ದು. ಇದೇ ಕೂಟದ ಸಿಂಗಲ್ಸ್ ಚಿನ್ನವನ್ನು ಹಿಂದೆ ಒಬ್ಬರೇ ನಾಲ್ಕು ಸಲ ಗೆದ್ದಿದ್ದರು: ಪರ್ತ್ 1962, ಎಡಿನ್‌ಬರೊ 1970, ಕ್ರೈಸ್ಟ್‌ಚರ್ಚ್ 1974, ಎಡ್ಮಂಟನ್ 1978. ನಡುವೆ 1966ರ ಕಿಂಗ್‌ಸ್ಟನ್ ಕೂಟದಲ್ಲಿ ಬೌಲ್ಸ್ ಇರಲೇ ಇಲ್ಲ. ಅವರು ಇಂಗ್ಲೆಂಡಿನ ಸಾಮರ್ಸೆಟ್‌ನ ಕ್ಲೀವ್‌ಡನ್ ಊರಿನ ಡೇವಿಡ್ ಬ್ರಯಾಂಟ್. 1931ರಲ್ಲಿ ಹುಟ್ಟಿ, ಶಾಲಾ ಮೇಷ್ಟ್ರಾಗಿದ್ದವರು.

ಬ್ರಯಾಂಟ್ ಅವರನ್ನು ‘ಸಾರ್ವಕಾಲಿಕ ಶ್ರೇಷ್ಠ’ ಎಂದು ಕರೆಯುವ ರೂಢಿ ಬ್ರಿಟನ್ನಿನಲ್ಲಿದೆ. ಪದಕಗಳನ್ನು ಎಣಿಸಿ ಅದನ್ನು ಒಪ್ಪಿಬಿಡುವುದು ಸುಲಭ. ಆದರೆ ಆ ಪದಕಗಳು ಎಂತಹ ನೆಲದ ಮೇಲೆ ಬಂದವು ಎಂಬುದನ್ನೂ ನೋಡಬೇಕು.

ಬೌಲ್ಸ್ ಚೆಂಡು ನೇರವಾಗಿ ಉರುಳುವುದಿಲ್ಲ. ಅದರ ಎರಡು ಬದಿಗಳ ಆಕಾರ ಒಂದೇ ತೆರನಾಗಿಲ್ಲ; ವೇಗ ತಗ್ಗಿದಂತೆಲ್ಲ ಅದು ಒಂದು ಕಡೆಗೆ ಹೆಚ್ಚು ಹೆಚ್ಚು ಬಾಗುತ್ತದೆ. ‘ಜ್ಯಾಕ್’ ಎಂಬ ಪುಟ್ಟ ಚೆಂಡಿನ ಪಕ್ಕ ಅದನ್ನು ತಂದು ನಿಲ್ಲಿಸುವುದೇ ಆಟ. ಬ್ರಿಟನ್ನಿನ ಹುಲ್ಲು ನಿಧಾನ. ಅಲ್ಲಿ ಚೆಂಡನ್ನು ಜೋರಾಗಿ ಬಿಡಬೇಕು, ಬಾಗು ಕಡಿಮೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಅಂಗಳ ಚುರುಕು. ಮೆಲ್ಲಗೆ ಬಿಟ್ಟರೂ ಚೆಂಡು ದೂರ ಓಡುತ್ತದೆ, ಬಹಳ ಅಗಲಕ್ಕೆ ಸುತ್ತಿ ಬರುತ್ತದೆ. ಒಂದು ಕಡೆ ಪಳಗಿದ ಕೈ ಇನ್ನೊಂದು ಕಡೆ ಹಳ್ಳ ಹಿಡಿಯುವುದು ಇಲ್ಲಿ ಮಾಮೂಲು. ಬ್ರಯಾಂಟ್ ಪರ್ತ್‌ನಲ್ಲೂ ಗೆದ್ದರು, ಎಡಿನ್‌ಬರೊದಲ್ಲೂ ಗೆದ್ದರು.

ಚೆಂಡು ಬಿಡಲು ನಿಲ್ಲುವ ಮ್ಯಾಟ್ ಮೇಲೆ ಅವರು ಮೊದಲು ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಹಾದಿಯನ್ನು ಕಣ್ಣಲ್ಲೇ ಅಳೆದು, ಮೇಲೆದ್ದು, ಒಂದು ಹೆಜ್ಜೆ ಮುಂದಿಟ್ಟು ಚೆಂಡನ್ನು ಬಿಡುತ್ತಿದ್ದರು. ಹಲ್ಲುಗಳ ನಡುವೆ ಪೈಪ್. ಎಷ್ಟೋ ಸಲ ಅದರಲ್ಲಿ ಬೆಂಕಿಯೇ ಇರುತ್ತಿರಲಿಲ್ಲ. ನೋಡುವವರಿಗೆ ಈ ಕೂತೇಳುವ ಭಂಗಿ ವಿಚಿತ್ರವೆನಿಸಿದರೂ ಅದರಲ್ಲಿ ಲೆಕ್ಕಾಚಾರವಿತ್ತು. ಪ್ರತಿ ಎಸೆತವೂ ಒಂದೇ ಭಂಗಿಯಿಂದ ಶುರುವಾದರೆ ಬದಲಾಯಿಸಬೇಕಾದದ್ದು ದಿಕ್ಕು ಮತ್ತು ವೇಗ, ಎರಡನ್ನೇ.

ವಿಶ್ವ ಹೊರಾಂಗಣ ಚಾಂಪಿಯನ್‌ಷಿಪ್ ಮೊದಲ ಬಾರಿಗೆ 1966ರಲ್ಲಿ ಸಿಡ್ನಿಯಲ್ಲಿ ನಡೆದಾಗ ಸಿಂಗಲ್ಸ್ ಕಿರೀಟ ಅವರದಾಯಿತು. ಆಮೇಲೆ 1980ರಲ್ಲಿ, ಮತ್ತೆ 1988ರಲ್ಲಿ ಆಕ್ಲೆಂಡಿನಲ್ಲಿ. ಆಗ ವಯಸ್ಸು 56. ಈ ಸಾಲಿನಲ್ಲಿ ಕೊರತೆಯೂ ಇದೆ. 1972ರಲ್ಲಿ ಸ್ವಂತ ದೇಶದ ವರ್ದಿಂಗ್‌ನಲ್ಲೇ ಕೂಟ ನಡೆದರೂ ಕಿರೀಟ ವೇಲ್ಸ್‌ನ ಮಾಲ್ಡ್ವಿನ್ ಇವಾನ್ಸ್ ಪಾಲಾಯಿತು. 1976ರಲ್ಲಿ ದಕ್ಷಿಣ ಆಫ್ರಿಕಾದ ಡಗ್ ವಾಟ್ಸನ್ ಗೆದ್ದರು. ಬ್ರಯಾಂಟ್ ಸೋಲರಿಯದ ಆಟಗಾರರೇನಲ್ಲ. ಸೋತ ಮೇಲೂ ದಶಕ ದಾಟಿ ಮರಳಿ ಬರಬಲ್ಲವರಾಗಿದ್ದರು.

ಒಳಾಂಗಣದ ಕಥೆ ಬೇರೆ. 1979ರಲ್ಲಿ ಸ್ಕಾಟ್ಲೆಂಡಿನ ಕೋಟ್‌ಬ್ರಿಜ್‌ನಲ್ಲಿ ವಿಶ್ವ ಒಳಾಂಗಣ ಸಿಂಗಲ್ಸ್ ಆರಂಭವಾಯಿತು. ಮೊದಲ ಮೂರು ವರ್ಷವೂ ಬ್ರಯಾಂಟ್ ಅವರೇ ಚಾಂಪಿಯನ್. ಮಳೆ, ಗಾಳಿಯ ಕಾಟವಿಲ್ಲದ ಕಾರ್ಪೆಟ್ ಮೇಲೆ ಕರಾರುವಾಕ್ಕಾದ ಕೈಗೆ ಲಾಭ ಹೆಚ್ಚು. ಆದರೆ ಆ ಲಾಭ ಎದುರಾಳಿಗೂ ಉಂಟು. 1981ರ ನಂತರ ಒಳಾಂಗಣ ಸಿಂಗಲ್ಸ್ ಪಟ್ಟ ಅವರಿಗೆ ಮತ್ತೆ ಸಿಗಲಿಲ್ಲ. ಟಿವಿ ಕ್ಯಾಮೆರಾಗಳ ಮುಂದೆ ಹೊಸ ತಲೆಮಾರು ಬಂದಿತ್ತು. ಬ್ರಯಾಂಟ್ ಹಟ ಹಿಡಿಯದೆ ಆ ತಲೆಮಾರಿನ ಜೊತೆಗೂಡಿದರು. ತಮಗಿಂತ ಸುಮಾರು 24 ವರ್ಷ ಚಿಕ್ಕವರಾದ ಟೋನಿ ಆಲ್‌ಕಾಕ್ ಜೊತೆ 1986ರಿಂದ 1992ರ ನಡುವೆ ಆರು ಸಲ ವಿಶ್ವ ಒಳಾಂಗಣ ಪೇರ್ಸ್ ಗೆದ್ದರು. ಕೊನೆಯ ಗೆಲುವಿನ ಹೊತ್ತಿಗೆ ಅವರಿಗೆ ಅರವತ್ತು ತುಂಬಿತ್ತು.

ಆ ಪೈಪ್ ಆಟಕ್ಕೆ ಉಪಕಾರವನ್ನೂ ಅಪಕಾರವನ್ನೂ ಮಾಡಿತು. ಟಿವಿಯಲ್ಲಿ ಯಾರೂ ಮರೆಯದ ಮುಖವನ್ನು ಕೊಟ್ಟಿತು. ಜೊತೆಗೆ ‘ಇದು ಮುದುಕರ ಆಟ’ ಎಂಬ ಗೇಲಿಗೂ ಪುಷ್ಟಿ ಕೊಟ್ಟಿತು. ವಿಶ್ವ ಒಳಾಂಗಣ ಕೂಟಕ್ಕೆ ‘ಎಂಬಸಿ’ ಸಿಗರೇಟಿನ ಪ್ರಾಯೋಜಕತ್ವವಿದ್ದ ಕಾಲ ಅದು. ಇಂದಿನ ಕಣ್ಣಿಗೆ ಆ ಚಿತ್ರ ಮುಜುಗರ ತರುತ್ತದೆ.

ಇನ್ನು ಹೋಲಿಕೆ. ಸ್ಕಾಟ್ಲೆಂಡಿನ ಅಲೆಕ್ಸ್ ಮಾರ್ಷಲ್ ವಿಶ್ವ ಒಳಾಂಗಣ ಸಿಂಗಲ್ಸ್ ಅನ್ನು ಆರು ಸಲ ಗೆದ್ದಿದ್ದಾರೆ. ಅಂದರೆ ಬ್ರಯಾಂಟ್ ಅವರ ಎರಡರಷ್ಟು. ಕಾಮನ್‌ವೆಲ್ತ್ ಚಿನ್ನ ಇಬ್ಬರಿಗೂ ಐದೈದು. ಮಾರ್ಷಲ್ ಅವರ ಐದೂ ಪೇರ್ಸ್ ಮತ್ತು ಫೋರ್ಸ್‌ನಲ್ಲಿ, ಅಂದರೆ ಜೋಡಿ ಮತ್ತು ನಾಲ್ವರ ತಂಡಗಳ ಆಟದಲ್ಲಿ ಬಂದವು. ಬ್ರಯಾಂಟ್ ಅವರ ಐದರಲ್ಲಿ ನಾಲ್ಕು ಸಿಂಗಲ್ಸ್, ಒಂದು ಮಾತ್ರ ಫೋರ್ಸ್. ಬ್ರಯಾಂಟ್ ಕಾಲದಲ್ಲಿ ಸ್ಪರ್ಧೆ ತೆಳುವಾಗಿತ್ತು ಎಂಬ ವಾದದಲ್ಲಿ ಹುರುಳಿದೆ. ಕೂಟ ಹುಟ್ಟಿದ ವರ್ಷದಲ್ಲೇ ಗೆದ್ದ ಪ್ರಶಸ್ತಿಗೂ ಪೈಪೋಟಿ ಬಲಿತ ಮೇಲೆ ಗೆದ್ದದ್ದಕ್ಕೂ ವ್ಯತ್ಯಾಸ ಉಂಟು. ಆದರೆ 1988ರ ಆಕ್ಲೆಂಡ್ ಗೆಲುವಿಗೆ ಈ ವಾದ ತಾಗುವುದಿಲ್ಲ.

ಕಾರ್ಪೆಟ್ ಮೇಲಿನ ಸಿಂಗಲ್ಸ್‌ನಲ್ಲಿ ಮಾರ್ಷಲ್ ಮುಂದಿದ್ದಾರೆ, ಅನುಮಾನವಿಲ್ಲ. ಹುಲ್ಲು, ಕಾರ್ಪೆಟ್ ಎರಡನ್ನೂ ಸೇರಿಸಿ, ಒಬ್ಬರೇ ನಿಂತು ಆಡುವ ಸಿಂಗಲ್ಸನ್ನು ಅಳತೆಗೋಲಾಗಿಟ್ಟರೆ, 2020ರಲ್ಲಿ ತೀರಿಕೊಂಡ ಬ್ರಯಾಂಟ್ ಅವರದೇ ಮೊದಲ ಸ್ಥಾನ.