ದೇವರಿಲ್ಲದ ಫ್ಲಾರಿನ್: ಒಂದು ನಾಣ್ಯಲೇಖದ ವಿಮರ್ಶೆ

ಇಂಗ್ಲೆಂಡಿನ ನಾಣ್ಯಗಳ ಇತಿಹಾಸದಲ್ಲಿ ೧೮೪೯ರ ಬೆಳ್ಳಿಯ ಫ್ಲಾರಿನ್ನಿಗೆ ದೊರೆತಿರುವ ಖ್ಯಾತಿ ವಿಚಿತ್ರವಾದುದು. ಅದರ ಮೇಲೆ ಇಲ್ಲದಿರುವ ಕೆಲವು ಅಕ್ಷರಗಳಿಂದಲೇ ಅದು ಪ್ರಸಿದ್ಧವಾಗಿದೆ. ಜನರು ಅದಕ್ಕಿತ್ತ 'ದೇವರಿಲ್ಲದ ಫ್ಲಾರಿನ್' ಎಂಬ ಅಡ್ಡಹೆಸರು ನಾಣ್ಯಸಂಗ್ರಾಹಕರ ಪಟ್ಟಿಗಳಲ್ಲಿಯೂ ನೆಲೆಗೊಂಡಿದೆ. ಈ ಹೆಸರು ನಾಣ್ಯದ ನಿಜವಾದ ಮಹತ್ತ್ವವನ್ನು ಮರೆಮಾಡಿತೆಂಬುದೇ ಪ್ರಸ್ತುತ ಲೇಖನದ ವಾದ.

ಅಂದಿನ ಪೌಂಡಿಗೆ ೨೦ ಷಿಲಿಂಗು, ಷಿಲಿಂಗಿಗೆ ೧೨ ಪೆನ್ನಿ. ಒಟ್ಟು ೨೪೦ ಪೆನ್ನಿ. ೧೮೪೭ರಲ್ಲಿ ಜಾನ್ ಬೌರಿಂಗನು ದಶಮಾಂಶ ಪದ್ಧತಿಯ ನಾಣ್ಯಗಳು ಬೇಕೆಂದು ಪಾರ್ಲಿಮೆಂಟಿನಲ್ಲಿ ಸೂಚನೆಯನ್ನು ಮಂಡಿಸಿದನು. ಪೌಂಡಿನ ಹತ್ತನೆಯ ಒಂದು ಪಾಲಿನ ನಾಣ್ಯವನ್ನು ಹೊರಡಿಸಲು ಸರಕಾರವು ಒಪ್ಪಿದ ಮೇಲೆ ಆತನು ಸೂಚನೆಯನ್ನು ಹಿಂತೆಗೆದುಕೊಂಡನು. ಎರಡು ಷಿಲಿಂಗು ಬೆಲೆಯ ಫ್ಲಾರಿನ್ ಹುಟ್ಟಿದುದು ಹೀಗೆ.

ಇದರ ಮುಂಬದಿಯಲ್ಲಿ ವಿಲಿಯಂ ವಯನನು ಕೆತ್ತಿದ, ಕಿರೀಟ ಧರಿಸಿದ ರಾಣಿಯ ಮುಖವೂ 'ವಿಕ್ಟೋರಿಯಾ ರೆಜೈನಾ ೧೮೪೯' ಎಂಬ ಬರಹವೂ ಇವೆ. ಹಿಂಬದಿಯಲ್ಲಿ ಕಿರೀಟಸಹಿತವಾದ ನಾಲ್ಕು ಗುರಾಣಿಗಳು ಶಿಲುಬೆಯಾಕಾರದಲ್ಲಿವೆ. ಸುತ್ತಲೂ 'ಒಂದು ಫ್ಲಾರಿನ್, ಪೌಂಡಿನ ಹತ್ತನೆಯ ಒಂದು ಪಾಲು' ಎಂದು ಇಂಗ್ಲಿಷಿನಲ್ಲಿ, ಸ್ಪಷ್ಟವಾದ ರೋಮನ್ ಅಕ್ಷರಗಳಲ್ಲಿ ಬರೆದಿದೆ. ಕೊಂಚ ಓದುಬರಹ ಬಲ್ಲ ವ್ಯಾಪಾರಿಯೂ ಹೊಸ ಲೆಕ್ಕವನ್ನು ಈ ನಾಣ್ಯದಿಂದಲೇ ಕಲಿಯಬಹುದಾಗಿತ್ತು. ಚಿತ್ರಕ್ಕಿಂತ ಈ ಬರಹವೇ ಅದರ ಸತ್ತ್ವ.

ಆದರೆ ಜನರ ಗಮನ ಹರಿದುದು ಬೇರೆಡೆಗೆ. 'ಭಗವತ್ಕೃಪೆಯಿಂದ', 'ಮತರಕ್ಷಕಿ' ಎಂಬರ್ಥದ ಲ್ಯಾಟಿನ್ ಪದಗಳ ಸಂಕ್ಷೇಪಗಳು ಬಿಟ್ಟುಹೋಗಿದ್ದುವು. ಟಂಕಸಾಲೆಯ ಅಧಿಪತಿ ರಿಚರ್ಡ್ ಲೇಲರ್ ಶೀಲನು ರೋಮನ್ ಕ್ಯಾಥೊಲಿಕನಾದುದರಿಂದ ಸಂಶಯವು ಆತನ ಮತದತ್ತ ತಿರುಗಿತು. 'ಮತರಕ್ಷಕ' ಎಂಬ ಬಿರುದನ್ನು ೧೫೨೧ರಲ್ಲಿ ಎಂಟನೆಯ ಹೆನ್ರಿಗೆ ದಯಪಾಲಿಸಿದವನು ಪೋಪ್ ಹತ್ತನೆಯ ಲಿಯೋ ಎಂಬುದನ್ನು ನೆನೆದರೆ ಈ ಆಕ್ಷೇಪದ ವೈಪರೀತ್ಯವು ತಿಳಿಯುತ್ತದೆ. ಕಾಲರಾ ರೋಗಕ್ಕೂ ಈ ನಾಣ್ಯವೇ ಕಾರಣವೆಂದು ಕೆಲವರು ನಂಬಿದರೆಂಬ ಕಥೆಯುಂಟು. ಆದರೆ ಆ ರೋಗವು ಇಂಗ್ಲೆಂಡಿನಲ್ಲಿ ೧೮೪೮ರಲ್ಲಿಯೇ, ಎಂದರೆ ನಾಣ್ಯಕ್ಕಿಂತ ಮೊದಲೇ, ಹಬ್ಬತೊಡಗಿತ್ತು. ಇನ್ನೂ ಒಂದು ಸಂಗತಿಯುಂಟು. ಈಸ್ಟ್ ಇಂಡಿಯಾ ಕಂಪನಿಯು ೧೮೪೦ರ ಹೆಸರಿನಲ್ಲಿ ನಮ್ಮ ದೇಶಕ್ಕಾಗಿ ಅಚ್ಚುಹಾಕಿಸಿದ ರೂಪಾಯಿಯ ಮೇಲೆ 'ವಿಕ್ಟೋರಿಯಾ ಕ್ವೀನ್' ಎಂದಷ್ಟೇ ಇತ್ತು. ಅದರ ಮುಖಚಿತ್ರವೂ ವಯನನದೇ. ಅಲ್ಲಿಯೂ ಭಗವತ್ಕೃಪೆಯ ಮಾತಿರಲಿಲ್ಲ. ವಸಾಹತಿನ ನಾಣ್ಯದಲ್ಲಿ ಸಲ್ಲುವ ಮೌನವು ಸ್ವದೇಶದ ನಾಣ್ಯದಲ್ಲಿ ಅಪರಾಧವಾಯಿತು.

೧೮೫೧ರ ಹೆಸರಿನ ಹೊಸ ಫ್ಲಾರಿನ್ನಿನಲ್ಲಿ ಬಿಟ್ಟುಹೋದ ಸಂಕ್ಷೇಪಗಳು ಮರಳಿ ಬಂದುವು. ಹಿಂಬದಿಯ ವಿನ್ಯಾಸ ವಿಲಿಯಂ ಡೈಸನದು. ನಾಣ್ಯದ ಅಗಲ ೨೮ ಮಿಲಿಮೀಟರಿನಿಂದ ೩೦ಕ್ಕೆ ಏರಿತು. ಬರಹವೆಲ್ಲವೂ ಮಧ್ಯಯುಗದ ಗಾಥಿಕ್ ಲಿಪಿಗೆ ತಿರುಗಿತು. ಇಸವಿಯೂ ರೋಮನ್ ಸಂಖ್ಯೆಗಳಲ್ಲಿ ಬಂದಿತು. ನೋಡುವ ಕಣ್ಣಿಗೆ ಇದು ಹೆಚ್ಚು ಸುಂದರವೆಂಬುದನ್ನು ಒಪ್ಪಬೇಕು. ಲಿಪಿಗೂ ಲಾಂಛನಗಳಿಗೂ ಇಲ್ಲಿರುವ ಹೊಂದಿಕೆ ಹಿಂದಿನದರಲ್ಲಿಲ್ಲ. ಆದರೆ ಸೌಂದರ್ಯಕ್ಕೆ ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 'ಹತ್ತನೆಯ ಒಂದು ಪಾಲು' ಎಂಬ ಮಾತು ನಾಣ್ಯದಲ್ಲಿ ಉಳಿದರೂ ಸುಲಭವಾಗಿ ಓದಲು ಬಾರದ ಅಲಂಕಾರವಾಯಿತು. ದೇವರ ಹೆಸರು ಮರಳಿತು. ಲೆಕ್ಕದ ಪಾಠ ಮಸುಕಾಯಿತು.

ಮುಂದಿನ ಕಥೆ ಇದನ್ನು ದೃಢಪಡಿಸುತ್ತದೆ. ೧೮೮೭ರ ಹೊಸ ವಿನ್ಯಾಸದಲ್ಲಿ ಬೆಲೆಯ ಬರಹವೇ ಇಲ್ಲ. ೧೮೯೩ರಲ್ಲಿ ಬೆಲೆ ಮರಳಿತಾದರೂ ಆಗ ಬರೆದುದು 'ಒಂದು ಫ್ಲಾರಿನ್, ಎರಡು ಷಿಲಿಂಗು' ಎಂದು. ದಶಮಾಂಶಕ್ಕೆ ಬಾಗಿಲು ತೆರೆಯಲೆಂದು ಹುಟ್ಟಿದ ನಾಣ್ಯವು ಹಳೆಯ ಲೆಕ್ಕದ ಸೇವೆಗೆ ನಿಂತಿತು. ಆದರೂ ೧೯೬೮ರಲ್ಲಿ ಬಂದ ಹತ್ತು ಹೊಸ ಪೆನ್ನಿಯ ನಾಣ್ಯಕ್ಕೆ ಫ್ಲಾರಿನ್ನಿನ ಅಳತೆಯನ್ನೇ ಇಟ್ಟುಕೊಂಡರು. ೧೯೭೧ರ ಫೆಬ್ರವರಿ ೧೫ರಂದು ದಶಮಾಂಶ ಪದ್ಧತಿ ಜಾರಿಗೆ ಬಂದ ಮೇಲೆಯೂ ಹಳೆಯ ಫ್ಲಾರಿನ್ನುಗಳು ಹತ್ತು ಪೆನ್ನಿಗಳಾಗಿ ೧೯೯೩ರವರೆಗೆ ಚಲಾವಣೆಯಲ್ಲಿದ್ದುವು. ೧೮೪೯ರ ಬರಹ ಹೇಳಿದುದು ಸುಮಾರು ೧೨೦ ವರ್ಷಗಳ ತರುವಾಯ ನಿಜವಾಯಿತು.

ಹದಿನಾರಾಣೆಯ ರೂಪಾಯಿಯನ್ನು ಕಂಡಿದ್ದ ನಮ್ಮವರಿಗೂ ಇಂತಹ ಪಾಠ ಅಪರಿಚಿತವಲ್ಲ. ೧೯೫೭ರ ಏಪ್ರಿಲ್ ಒಂದರಂದು ಭಾರತದಲ್ಲಿ ದಶಮಾಂಶ ನಾಣ್ಯಗಳು ಬಂದಾಗ ಒಂದು ನಯಾಪೈಸೆಯ ಮೇಲೆ ದೊಡ್ಡ ಅಂಕಿಯೊಡನೆ 'ರೂಪಾಯಿಯ ನೂರನೆಯ ಭಾಗ' ಎಂದು ಹಿಂದಿಯಲ್ಲಿ ಅಚ್ಚಾಗಿತ್ತು. ಹೊಸ ಲೆಕ್ಕವನ್ನು ಬಳಸಬೇಕಾದ ಜನತೆಗೆ ನಾಣ್ಯವೇ ಅದನ್ನು ಹೇಳಿಕೊಡಬೇಕೆಂಬ ತತ್ತ್ವ ಎರಡರಲ್ಲಿಯೂ ಒಂದೇ. ಆದುದರಿಂದ ೧೮೪೯ರ ಫ್ಲಾರಿನ್ನನ್ನು ಅದು ಬಿಟ್ಟ ಪದಗಳಿಂದ ಅಳೆಯುವುದು ನ್ಯಾಯವಲ್ಲ. ಅದು ಆಡಿದ ಮಾತನ್ನು ಓದಿ ನಿರ್ಣಯಿಸುವುದೇ ಇತಿಹಾಸಕಾರನಿಗೆ ತಕ್ಕುದು.