ಅರಗಿಸಿಕೊಳ್ಳುವ ಸೊಗಸು

ಉಪವಾಸ ಕೂತ ಯೀಸ್ಟ್ ಕೋಶವೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಒಂದು ಸುಖ. ಕೋಶದ ನಡುವೆ ನೀರು ತುಂಬಿದ ಬುಗ್ಗೆಯಂಥ ಒಂದು ಕೋಣೆ. ಮೊದಲಿಗೆ ತಿಳಿಯಾಗಿ, ಖಾಲಿಯಾಗಿ ಇರುತ್ತದೆ. ಸ್ವಲ್ಪ ಹೊತ್ತಿಗೆ ಅದರೊಳಗೆ ಒಂದು ಕಾಳು ಕಾಣಿಸುತ್ತದೆ. ಆಮೇಲೆ ಇನ್ನೊಂದು, ಮತ್ತೊಂದು. ಕೆಲವು ಗಂಟೆ ಕಳೆಯುವಷ್ಟರಲ್ಲಿ ಕೋಣೆಯ ತುಂಬ ದುಂಡನೆಯ ಕಾಳುಗಳು, ಕುದಿಯುವ ನೀರಿನಲ್ಲಿ ಸಬ್ಬಕ್ಕಿ ಕುಣಿದ ಹಾಗೆ ಬಿಡುವಿಲ್ಲದೆ ಕುಣಿಯುತ್ತಿರುತ್ತವೆ. ಈ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇದನ್ನು ಮೊದಲು ಕಂಡವರು ಜಪಾನಿನ ಯೊಶಿನೊರಿ ಒಸುಮಿ. 1988ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ತೆರೆದಾಗ ಅವರಿಗೆ 43 ವರ್ಷ. ಅವರ ಉಪಾಯದಲ್ಲಿ ಒಂದು ಜಾಣ ಸರಳತೆಯಿದೆ. ಆ ಕೋಣೆ ಯೀಸ್ಟಿನ ಹೊಟ್ಟೆ. ಒಳಗೆ ಬಿದ್ದದ್ದನ್ನೆಲ್ಲ ಅದರ ಕಿಣ್ವಗಳು ಕ್ಷಣದಲ್ಲಿ ಕರಗಿಸಿಬಿಡುತ್ತವೆ, ಹಾಗಾಗಿ ಏನು ಬಿತ್ತೆಂದು ಕಾಣುವುದೇ ಇಲ್ಲ. ಒಸುಮಿ ಆ ಕಿಣ್ವಗಳಿಲ್ಲದ ತಳಿಯನ್ನು ಆರಿಸಿಕೊಂಡು ಅದನ್ನು ಉಪವಾಸ ಕೆಡವಿದರು. ಹಸಿದ ಕೋಶ ತನ್ನದೇ ಒಳಗಿನ ಸಾಮಾನನ್ನು ಪೊಟ್ಟಣ ಕಟ್ಟಿ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು, ಅರಗಿಸಲಾರದೆ ಪೊಟ್ಟಣಗಳು ಅಲ್ಲೇ ಉಳಿದವು. ಕಾಣದ ಕೆಲಸ ಕಂಡಿತು. 1993ರ ಹೊತ್ತಿಗೆ ಈ ಕೆಲಸಕ್ಕೆ ಬೇಕಾದ 15 ವಂಶವಾಹಿಗಳ ಸುಳಿವನ್ನು ಅವರ ತಂಡ ಹಿಡಿದಿತ್ತು. 2016ರಲ್ಲಿ ನೊಬೆಲ್ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯರ ತಂಡವೂ ಇದೇ ಯೀಸ್ಟನ್ನು ಇಟ್ಟುಕೊಂಡು ಇದೇ ವಿದ್ಯೆಯ ಬೆನ್ನು ಹತ್ತಿದೆ.

ವಿದ್ಯೆಯ ಹೆಸರು ಆಟೋಫೇಜಿ. ಕನ್ನಡದಲ್ಲಿ ಸ್ವಭಕ್ಷಣೆ ಎಂದು ಬರೆಯುತ್ತಾರೆ. ಆ ಪದ ನನಗೆ ಕೊಂಚ ಕ್ರೂರವೆನಿಸುತ್ತದೆ. ನಮ್ಮಲ್ಲಿ ಹಳೆಯ ಮನೆ ಬಿಚ್ಚಿದಾಗ ತೊಲೆ, ಹೆಂಚು, ಬಾಗಿಲು ಯಾವುದನ್ನೂ ಎಸೆಯುವುದಿಲ್ಲ. ಅವೇ ಹೊಸ ಮನೆಗೆ ಏರುತ್ತವೆ. ಕೋಶ ಮಾಡುವುದೂ ಅದನ್ನೇ. ಅರಗಿಸಿಕೊಳ್ಳುವುದು ಎಂಬ ಮನೆಮಾತೇ ಇದಕ್ಕೆ ಒಪ್ಪುತ್ತದೆ.

ಇನ್ನಷ್ಟು ಹತ್ತಿರ ಹೋಗಿ ನೋಡಬೇಕು. ಕೋಶದ ರಸದಲ್ಲಿ ಎಲ್ಲಿಂದಲೋ ಒಂದು ಚಪ್ಪಟೆ ಪೊರೆ ಹುಟ್ಟುತ್ತದೆ. ಬೆಳೆಯುತ್ತ ಅದರ ಅಂಚು ಬಾಗಿ ದೊನ್ನೆಯ ಆಕಾರ ಬರುತ್ತದೆ. ಸವೆದುಹೋದ ಮೈಟೊಕಾಂಡ್ರಿಯವೊಂದು, ಮುದ್ದೆಗಟ್ಟಿದ ಪ್ರೋಟೀನು, ಒಂದು ತೊಟ್ಟು ಕೊಬ್ಬು, ಏನು ಸಿಕ್ಕಿತೋ ಅದು ದೊನ್ನೆಯೊಳಗೆ. ಆಮೇಲೆ ಅಂಚುಗಳು ಕೂಡಿಕೊಂಡು ಬಾಯಿ ಮುಚ್ಚುತ್ತದೆ. ಹೂರಣ ತುಂಬಿದ ಕಡುಬು ಸಿದ್ಧ. ಎರಡು ಪದರದ ಈ ಕಡುಬಿನ ಅಳತೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸು. ಅದು ಲೈಸೋಸೋಮ್ ಎಂಬ ಹುಳಿರಸದ ಚೀಲದೊಂದಿಗೆ ಬೆರೆಯುತ್ತದೆ, ಹೂರಣ ಕರಗುತ್ತದೆ, ಬಿಡಿಬಿಡಿಯಾದ ಅಮೈನೊ ಆಮ್ಲ ಕೋಶಕ್ಕೆ ಮರಳುತ್ತದೆ. ಎಲ್ಲ ಕೆಲವೇ ನಿಮಿಷಗಳ ಕೆಲಸ. ನೀವು ಈ ಪುಟ ಓದಿ ಮುಗಿಸುವಷ್ಟರಲ್ಲಿ ನಿಮ್ಮ ಲಿವರ್‌ನಲ್ಲಿ ಇಂಥ ಎಷ್ಟೋ ಕಡುಬುಗಳು ಕಟ್ಟಿ ಕರಗಿರುತ್ತವೆ.

ಲಿವರ್ ಎಂದದ್ದು ಸುಮ್ಮನಲ್ಲ. ಯೀಸ್ಟಿಗೂ ಬಹಳ ಮುಂಚೆ ಈ ಕತೆ ಶುರುವಾದದ್ದೇ ಪಿತ್ತಜನಕಾಂಗದಲ್ಲಿ. ಬೆಲ್ಜಿಯಮ್ಮಿನ ಲೂವೆನ್‌ನಲ್ಲಿ ಕ್ರಿಸ್ಟಿಯನ್ ಡಿ ದೂವ್ ಇಲಿಯ ಲಿವರ್ ಅರೆದು ಇನ್ಸುಲಿನ್ ಹೇಗೆ ಕೆಲಸ ಮಾಡುತ್ತದೆಂದು ಹುಡುಕುತ್ತಿದ್ದರು. ಅಳೆಯುತ್ತಿದ್ದ ಕಿಣ್ವಗಳಲ್ಲೊಂದು ತಾಜಾ ಅರೆದ ಲಿವರ್‌ನಲ್ಲಿ ಬಹಳ ಕಡಿಮೆ ತೋರಿತು. ಅದೇ ಮಾದರಿಯನ್ನು ಕೆಲವು ದಿನ ಫ್ರಿಜ್‌ನಲ್ಲಿಟ್ಟು ಅಳೆದರೆ ಹೇರಳ! ಇನ್ನೊಬ್ಬರಾಗಿದ್ದರೆ ಅಳತೆ ತಪ್ಪಿತೆಂದು ಚೆಲ್ಲಿಬಿಡುತ್ತಿದ್ದರೇನೋ. ಡಿ ದೂವ್ ನಿಂತು ಯೋಚಿಸಿದರು: ಕಿಣ್ವ ಯಾವುದೋ ಚೀಲದಲ್ಲಿ ಬಂದಿಯಾಗಿದೆ, ದಿನ ಕಳೆದಂತೆ ಚೀಲ ಸೋರುತ್ತಿದೆ. ಹೀಗೆ 1955ರಲ್ಲಿ ಲೈಸೋಸೋಮಿಗೆ ಹೆಸರು ಬಿತ್ತು. 1962ರಲ್ಲಿ ಕೀತ್ ಪೋರ್ಟರ್ ಮತ್ತು ಥಾಮಸ್ ಆ್ಯಶ್‌ಫರ್ಡ್ ಗ್ಲುಕಗಾನ್ ಕೊಟ್ಟ ಇಲಿಯ ಲಿವರ್ ಕೋಶಗಳಲ್ಲಿ, ಚೀಲದೊಳಗೆ ಅರ್ಧ ಕರಗಿದ ಮೈಟೊಕಾಂಡ್ರಿಯಗಳನ್ನು ಕಂಡರು. ಗ್ಲುಕಗಾನ್ ಎಂದರೆ ಉಪವಾಸದ ಹಾರ್ಮೋನು. ಮರುವರ್ಷ ಡಿ ದೂವ್ ಆಟೋಫೇಜಿ ಎಂಬ ಹೆಸರಿಟ್ಟರು. ಎರಡು ದಿನ ಉಪವಾಸವಿಟ್ಟ ಇಲಿಯ ಲಿವರ್ ತನ್ನ ಪ್ರೋಟೀನಿನ ಕಾಲುಭಾಗಕ್ಕೂ ಹೆಚ್ಚನ್ನು ಕರಗಿಸಿ ಕೊಡುತ್ತದೆ. ಮನೆಮಂದಿ ಹಸಿದಾಗ ತನ್ನ ತುತ್ತನ್ನು ಮೊದಲು ಬಿಟ್ಟುಕೊಡುವ ಹಿರಿಯಕ್ಕನ ಹಾಗೆ ಈ ಅಂಗ.

ಇಷ್ಟು ಅರಗಿಸುವ ಶಕ್ತಿ ಕುಗ್ಗಿದರೆ ಏನಾಗುತ್ತದೆ? ಅಮೆರಿಕದ ಬೆತ್ ಲೆವೀನ್ ತಂಡ 1999ರಲ್ಲಿ ಬೆಕ್ಲಿನ್ 1 ಎಂಬ ವಂಶವಾಹಿ ಆಟೋಫೇಜಿಯನ್ನು ನಡೆಸುತ್ತದೆ, ಗಡ್ಡೆ ಬೆಳೆಯದಂತೆ ತಡೆಯುತ್ತದೆ ಎಂದು ತೋರಿಸಿತು. 2003ರಲ್ಲಿ ಎರಡು ತಂಡಗಳು ಇದರ ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ ತೆಗೆದ ಇಲಿಗಳನ್ನು ಸಾಕಿ ನೋಡಿದವು. ವಯಸ್ಸಾದಂತೆ ಅವುಗಳಲ್ಲಿ ತಾನಾಗಿಯೇ ಗಡ್ಡೆಗಳೆದ್ದವು, ಲಿವರ್ ಕ್ಯಾನ್ಸರ್ ಕೂಡ.

ನಾನು ಮತ್ತೆ ಮತ್ತೆ ತೆರೆದು ಓದುವುದು ಮಾತ್ರ ನೊಬೊರು ಮಿಜುಶಿಮಾ ಅವರ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಎಟಿಜಿ5 ಎಂಬ ವಂಶವಾಹಿ ಇಲ್ಲದೆ ದೊನ್ನೆ ಮುಚ್ಚಿಕೊಳ್ಳುವುದಿಲ್ಲ. ಮೈಯೆಲ್ಲ ಅದಿಲ್ಲದೆ ಹುಟ್ಟಿದ ಇಲಿಮರಿ ಒಂದು ದಿನದೊಳಗೆ ಸಾಯುತ್ತದೆ. ತಾಯಿಯ ಹೊಕ್ಕುಳಬಳ್ಳಿ ಕಡಿದ ಮೇಲೆ ಹಾಲು ಸಿಗುವ ತನಕದ ಹಸಿವನ್ನು ಅದು ದಾಟಲಾರದು. ಹಾಗಾಗಿ ಅವರು ಕೌದಿಯಂಥ ಇಲಿಯನ್ನು ಮಾಡಿದರು. ಮೈಯ ಕೆಲವು ಕೋಶಗಳಲ್ಲಿ ಆ ವಂಶವಾಹಿ ಇದೆ, ಪಕ್ಕದ ಕೆಲವಲ್ಲಿ ಇಲ್ಲ. ತುಂಡು ತುಂಡು ಬಟ್ಟೆ ಕೂಡಿಸಿ ಹೊಲಿದ ಹಾಗೆ. ಇಲಿಗಳು ಬದುಕಿದವು. ಗಡ್ಡೆಗಳು ಎದ್ದದ್ದು ಲಿವರ್‌ನಲ್ಲಿ, ಲಿವರ್‌ನಲ್ಲಿ ಮಾತ್ರ. ಗಡ್ಡೆ ಬೆಳೆದದ್ದೂ ಅರಗಿಸಲಾರದ ಕೋಶಗಳಿಂದಲೇ. ಮೈಯ ಬೇರೆ ಅಂಗಗಳು ಹೇಗೋ ತಾಳಿಕೊಂಡವು, ದಿನವೂ ಇಷ್ಟೊಂದು ಅರಗಿಸುವ ಈ ಅಂಗಕ್ಕೆ ತಾಳಲಾಗಲಿಲ್ಲ.

ಆ ಕೋಶಗಳೊಳಗೆ ಊದಿಕೊಂಡ ಮೈಟೊಕಾಂಡ್ರಿಯಗಳಿದ್ದವು, ಡಿಎನ್ಎಗೆ ಪೆಟ್ಟು ಬಿದ್ದ ಗುರುತುಗಳಿದ್ದವು, ಪಿ62 ಎಂಬ ಪ್ರೋಟೀನಿನ ರಾಶಿಯಿತ್ತು. ಪಿ62 ಕೆಲಸದಾಳು, ಕಸವನ್ನು ಹಿಡಿದು ದೊನ್ನೆಗೆ ತಂದು, ಕಸದ ಜತೆ ತಾನೂ ಕರಗಿಹೋಗುತ್ತದೆ. ಕರಗುವ ದಾರಿ ಮುಚ್ಚಿದರೆ ಉಳಿಯುತ್ತದೆ. ಉಳಿದದ್ದು ಸುಮ್ಮನಿರುವುದಿಲ್ಲ. ಕೀಪ್1 ಎಂಬ ಕಾವಲುಗಾರನನ್ನು ಅದು ಕಟ್ಟಿಹಾಕುತ್ತದೆ. ಆ ಕಾವಲಿನಲ್ಲಿದ್ದ ಎನ್‌ಆರ್‌ಎಫ್2 ಬಿಡುಗಡೆಯಾಗಿ, ಆಪತ್ಕಾಲಕ್ಕೆಂದು ಇಟ್ಟ ರಕ್ಷಣೆಯ ವಂಶವಾಹಿಗಳನ್ನೆಲ್ಲ ಸದಾ ಉರಿಯುವಂತೆ ಹಚ್ಚಿಬಿಡುತ್ತದೆ. ಕೆಟ್ಟ ಕೋಶ ಸಾಯಬೇಕಾದ ಕಡೆ ಸಾಯದೆ ಬೆಳೆಯುತ್ತದೆ. ಜಪಾನಿನವರೇ ಆದ ಮಸಾಕಿ ಕೊಮಾತ್ಸು ತಂಡ 2010ರಲ್ಲಿ ಬಿಡಿಸಿದ ಗಂಟು ಇದು. ಓದುವಾಗ ನನಗೆ ವಾತಾಪಿಯ ಕತೆ ನೆನಪಾಯಿತು. ಉಂಡವರ ಹೊಟ್ಟೆಯಲ್ಲಿ ಅರಗದೆ ಉಳಿದು, ಅಣ್ಣ ಇಲ್ವಲ ಕರೆದ ಕೂಡಲೇ ಹೊಟ್ಟೆ ಬಗೆದು ಹೊರಬರುತ್ತಿದ್ದ ರಕ್ಕಸ. ಅಗಸ್ತ್ಯರು ಹೊಟ್ಟೆ ಸವರಿಕೊಂಡು ಅರಗಿಸಿಕೊಂಡ ಮೇಲೆ ಇಲ್ವಲ ಎಷ್ಟು ಕೂಗಿದರೂ ಬರಲಿಲ್ಲ. ಮಿಜುಶಿಮಾ ತಂಡ ಲಿವರ್‌ನಲ್ಲಿ ಮಾತ್ರ ಆಟೋಫೇಜಿ ನಿಲ್ಲಿಸಿದ ಬೇರೆ ಇಲಿಗಳಲ್ಲಿ ಪಿ62 ಅನ್ನೂ ತೆಗೆದು ನೋಡಿತು. ಗಡ್ಡೆಗಳು ಚಿಕ್ಕವಾದವು.

ಮನುಷ್ಯರ ಲಿವರ್‌ನಲ್ಲಿ ಈ ಅರಗದ ಮುದ್ದೆ ಕಂಡು ನೂರು ವರ್ಷ ದಾಟಿದೆ. 1911ರಲ್ಲಿ ಫ್ರ್ಯಾಂಕ್ ಮ್ಯಾಲರಿ ಕುಡಿತದಿಂದ ಕೆಟ್ಟ ಲಿವರ್‌ನ ಕೋಶಗಳಲ್ಲಿ ಗಾಜಿನಂತೆ ಹೊಳೆಯುವ, ಹುರಿಗಟ್ಟಿದ ತುಣುಕುಗಳನ್ನು ಕಂಡು ಬರೆದಿಟ್ಟರು. ಅವುಗಳಲ್ಲಿ ಪಿ62 ಇದೆಯೆಂದು ತಿಳಿದದ್ದು ಈ ಶತಮಾನದಲ್ಲಿ.

ಈಗ ಮಿಜುಶಿಮಾ ತಂಡದ ಆ ಪ್ರಯೋಗದ ಇನ್ನೊಂದು ಮಾತು. ಅದಕ್ಕೇ ನಾನು ಅದನ್ನು ಶ್ರೇಷ್ಠವೆನ್ನುವುದು. ಆ ಕೌದಿ ಇಲಿಗಳ ಗಡ್ಡೆಗಳು ಗಡ್ಡೆಯಾಗಿಯೇ ಉಳಿದವು. ಹಬ್ಬಲಿಲ್ಲ, ಮಾರಕ ಕ್ಯಾನ್ಸರ್ ಆಗಲಿಲ್ಲ. ಮಾರಕವಾಗಲು ಬೇಕಾದ ತ್ರಾಣ ಅವಕ್ಕಿರಲಿಲ್ಲವೆಂದು ತೋರುತ್ತದೆ, ಏಕೆಂದರೆ ಆ ತ್ರಾಣ ಕೊಡುವುದೂ ಇದೇ ಆಟೋಫೇಜಿ. ಬೆಳೆಯುವ ಗಡ್ಡೆಯ ಒಡಲಲ್ಲಿ ರಕ್ತನಾಳ ಸಾಲುವುದಿಲ್ಲ, ಉಸಿರಿಲ್ಲ, ಅನ್ನವಿಲ್ಲ. ಅಂಥ ಬರಗಾಲದಲ್ಲಿ ಕ್ಯಾನ್ಸರ್ ಕೋಶ ತನ್ನನ್ನೇ ಅರಗಿಸಿಕೊಂಡು ಬದುಕುತ್ತದೆ. ಲಿವರ್ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಔಷಧಿಯ ಏಟನ್ನೂ ಅದು ಹೀಗೇ ತಡೆದುಕೊಳ್ಳುವುದುಂಟು. ಆರೋಗ್ಯದ ಕೋಶಕ್ಕೆ ಕಾವಲಾಗಿದ್ದ ವಿದ್ಯೆ ಕ್ಯಾನ್ಸರ್ ಬೇರೂರಿದ ಮೇಲೆ ಅದರ ಬುತ್ತಿಯಾಗುತ್ತದೆ. ಒಂದೇ ಇಲಿಯಲ್ಲಿ, ಒಂದೇ ವಂಶವಾಹಿ ತೆಗೆದು, ಎರಡೂ ಮುಖವನ್ನು ಒಟ್ಟಿಗೆ ಕಾಣಿಸಿದ ಪ್ರಯೋಗ ಇನ್ನೊಂದನ್ನು ನಾನು ಓದಿಲ್ಲ.

ಚಿಕಿತ್ಸೆ ತೊಡಕಾಗಿರುವುದೂ ಇದರಿಂದಲೇ. ಮಲೇರಿಯಕ್ಕೆ ಕೊಡುತ್ತಿದ್ದ ಕ್ಲೋರೊಕ್ವಿನ್ ಲೈಸೋಸೋಮಿನ ಹುಳಿಯನ್ನು ಇಳಿಸಿ ಅರಗುವಿಕೆಯನ್ನು ನಿಲ್ಲಿಸುತ್ತದೆ. ಅದನ್ನು ಮತ್ತು ಅದರ ಬಳಗದ ಔಷಧಿಗಳನ್ನು ಕ್ಯಾನ್ಸರ್ ಮದ್ದಿನ ಜತೆ ಸೇರಿಸಿ ಪರೀಕ್ಷಿಸುತ್ತಿದ್ದಾರೆ. ಲಿವರ್ ಕ್ಯಾನ್ಸರಿಗೆ ಅದಿನ್ನೂ ನೆಲೆನಿಂತ ಚಿಕಿತ್ಸೆಯಾಗಿಲ್ಲ. 2022ರಲ್ಲಿ ಜಗತ್ತಿನಲ್ಲಿ ಈ ಕ್ಯಾನ್ಸರಿಗೆ ಬಲಿಯಾದವರು ಸುಮಾರು 7.5 ಲಕ್ಷ ಮಂದಿ. ಬಹುಪಾಲು ಜನರಲ್ಲಿ ಅದು ಹುಟ್ಟುವುದು ಹೆಪಟೈಟಿಸ್ ಬಿ, ಸಿ, ಕುಡಿತ, ಕೊಬ್ಬು ಇವುಗಳಿಂದ ಮೊದಲೇ ಗಡಸಾಗಿ ಗಂಟುಗಟ್ಟಿದ ಲಿವರ್‌ನಲ್ಲಿ, ಅಂದರೆ ಸಿರೋಸಿಸ್ ಆದ ಲಿವರ್‌ನಲ್ಲಿ.

ಒಸುಮಿಯವರಿಗೆ ನೊಬೆಲ್ ಬಂದ ಮೇಲೆ ಉಪವಾಸ ಮಾಡಿದರೆ ಕ್ಯಾನ್ಸರ್ ಕರಗುತ್ತದೆ ಎಂಬ ಸಂದೇಶಗಳು ವಾಟ್ಸ್ಆ್ಯಪಿನಲ್ಲಿ ಹರಿದಾಡುತ್ತಿವೆ. ಆ ನೊಬೆಲ್ ಹಾಗೆ ಹೇಳಿಲ್ಲ. ಸಿರೋಸಿಸ್ ಇರುವವರಿಗಂತೂ ಈ ಮಾತು ಅಪಾಯ. ಅವರ ಲಿವರ್ ಸಕ್ಕರೆಯನ್ನು ಕೂಡಿಡಲಾರದು. ಆರೋಗ್ಯವಂತರು ಎರಡು ಮೂರು ದಿನ ಉಪವಾಸವಿದ್ದರೆ ಆಗುವ ಸವೆತ ಅವರಿಗೆ ಒಂದೇ ರಾತ್ರಿಯಲ್ಲಿ ಆಗುತ್ತದೆ, ತೋಳು ತೊಡೆಯ ಸ್ನಾಯು ಕರಗುತ್ತದೆ. ಅದಕ್ಕೇ ವೈದ್ಯರು ಅವರಿಗೆ ರಾತ್ರಿ ಮಲಗುವ ಮುನ್ನ ಮತ್ತೊಮ್ಮೆ ಏನಾದರೂ ತಿನ್ನಲು ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಲಿವರ್ ಕಾಯಿಲೆಯವರಿದ್ದರೆ ಅವರಿಗೆ ಉಪವಾಸ ಮಾಡಿಸಬೇಡಿ, ಹೊತ್ತಿಗೆ ಸರಿಯಾಗಿ ಊಟ ಬಡಿಸಿ.